ನೂರನೇ ಕೋತಿಯ ಕಥೆ ನಿಜವೇ? (ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಾಣಿಗಳೂ ಒಂದನ್ನೊಂದು ನೋಡಿ ಕಲಿಯುತ್ತವೆ, ಹಾಗೆ ಕಲಿತದ್ದು ಹಿಂಡಿನ ರೂಢಿಯಾಗಿ ಉಳಿಯುತ್ತದೆ ಎಂದು ಹೋದ ಸಂಚಿಕೆಯಲ್ಲಿ ಒಂದೆರಡು ಸಾಲು ಬರೆದಿದ್ದೆ. ಅದನ್ನೇ ಹಿಡಿದು ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ನಾನು ತುಂಬಾ ಇಷ್ಟಪಟ್ಟು ಮಾಡುತ್ತಿದ್ದ ಪಾಠ ಇದು. ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ಒಂದು ದ್ವೀಪದಲ್ಲಿ ನೂರನೇ ಕೋತಿ ಗೆಣಸು ತೊಳೆಯಲು ಕಲಿತ ಕೂಡಲೇ, ಸಮುದ್ರದಾಚೆಯ ದ್ವೀಪಗಳ ಕೋತಿಗಳಿಗೂ ಆ ವಿದ್ಯೆ ತಾನಾಗಿ ಬಂದುಬಿಟ್ಟಿತಂತೆ. ಈ ಕಥೆ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಜವಾ?

ಕೋತಿ ನಿಜ, ಗೆಣಸು ನಿಜ, ದ್ವೀಪವೂ ನಿಜ. ನೂರನೇ ಕೋತಿ ಮಾತ್ರ ಕಟ್ಟುಕಥೆ.

ಜಪಾನಿನ ಕ್ಯೂಶೂ ತೀರದ ಹತ್ತಿರ ಕೋಶಿಮಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಮಕಾಕ್ ಕೋತಿಗಳನ್ನು ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು 1948ರಿಂದ ಗಮನಿಸುತ್ತಿದ್ದರು. ಕೋತಿಗಳು ಕಾಡಿನಿಂದ ಬಯಲಿಗೆ ಬರಲಿ ಎಂದು ದಂಡೆಯ ಮರಳಿನ ಮೇಲೆ ಗೆಣಸು ಹಾಕುತ್ತಿದ್ದರು. 1953ರಲ್ಲಿ ಇಮೊ ಎಂಬ ಒಂದೂವರೆ ವರ್ಷದ ಹೆಣ್ಣು ಮರಿ, ಮರಳು ಮೆತ್ತಿದ ಗೆಣಸನ್ನು ನೀರಿಗೆ ಒಯ್ದು ಕೈಯಲ್ಲಿ ಉಜ್ಜಿ ತೊಳೆಯಿತು. ಇದನ್ನು ಮೊದಲು ಕಂಡವರು ಸಂಶೋಧಕರಿಗೆ ನೆರವಾಗುತ್ತಿದ್ದ ಸಾತ್ಸುಎ ಮಿತೊ ಎಂಬ ಶಾಲಾ ಶಿಕ್ಷಕಿ. ಈ ಕಥೆ ಹೇಳುವವರು ಅವರ ಹೆಸರನ್ನು ಬಿಟ್ಟೇಬಿಡುತ್ತಾರೆ. ಅದಕ್ಕೇ ಇಲ್ಲಿ ಬರೆದೆ.

ಆಮೇಲೆ ಯಾರು ಕಲಿತರು ಅನ್ನುವುದೇ ಸ್ವಾರಸ್ಯ. ಇಮೊ ಜೊತೆ ಆಡುತ್ತಿದ್ದ ಮರಿಗಳು ಕಲಿತವು, ಅದರ ತಾಯಿ ಕಲಿಯಿತು. 1958ರ ಹೊತ್ತಿಗೆ ಎರಡರಿಂದ ಏಳು ವರ್ಷದೊಳಗಿನ 19 ಕೋತಿಗಳಲ್ಲಿ 15 ಗೆಣಸು ತೊಳೆಯುತ್ತಿದ್ದವು. ಅದಕ್ಕಿಂತ ದೊಡ್ಡವು 11 ಇದ್ದವು. ಅವುಗಳಲ್ಲಿ ತೊಳೆಯುತ್ತಿದ್ದದ್ದು ಎರಡೇ, ಅವೆರಡೂ ಹೆಣ್ಣು. ದೊಡ್ಡ ಗಂಡುಗಳು ಮರಿಗಳ ಹತ್ತಿರ ಸುಳಿಯುವುದೇ ಕಡಿಮೆ. ಹತ್ತಿರ ಕೂರದವನಿಗೆ ನೋಡಲು ಸಿಗುವುದೂ ಕಡಿಮೆ, ಅಲ್ವಾ? ಮುಂದೆ ಹುಟ್ಟಿದ ಮರಿಗಳು ತಾಯಿಯ ಜೊತೆ ನೀರಿನ ಬಳಿಯೇ ಬೆಳೆದು, ಅಲ್ಲೇ ಕಲಿತವು. ಇನ್ನು ಲೆಕ್ಕ ನೋಡಿ. ಹತ್ತು ವರ್ಷ ಕಳೆದ ಮೇಲೂ ಆ ಹಿಂಡಿನಲ್ಲಿ ನೂರು ಕೋತಿಗಳೇ ಇರಲಿಲ್ಲ! ಬೇರೆ ಕಡೆ ಒಂದೆರಡು ಕೋತಿ ಗೆಣಸು ತೊಳೆದದ್ದು ಹೌದು, ಆದರೆ ಅವು ಸ್ವಂತವಾಗಿ ಕಂಡುಕೊಂಡದ್ದು. ನೂರನೇ ಕೋತಿಯನ್ನು ಸೇರಿಸಿದ್ದು 1979ರಲ್ಲಿ ಬಂದ ಒಂದು ಪುಸ್ತಕ.

ನಿಮ್ಮಲ್ಲಿ ಚುರುಕಾದವರು ಒಂದು ಮಾತು ಕೇಳಬಹುದು. ಕೋಶಿಮಾದ ಕೋತಿಗಳೂ ಒಂದೊಂದಾಗಿ ಸ್ವಂತ ಬುದ್ಧಿಯಿಂದಲೇ ಕಲಿತಿರಬಾರದೇಕೆ? ಮನಶ್ಶಾಸ್ತ್ರಜ್ಞ ಬೆನೆಟ್ ಗೇಲೆಫ್ ಇದನ್ನೇ ಕೇಳಿದರು. ನೋಡಿ ಕಲಿಯುವುದಾದರೆ ಇಷ್ಟು ನಿಧಾನ ಯಾಕೆ ಅನ್ನುವುದು ಅವರ ತಕರಾರು. ಕಾಡಿನಲ್ಲಿ ಸುಮ್ನೆ ನೋಡುತ್ತಾ ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಪ್ರಯೋಗವೇ ಬೇಕು.

ಅಂಥದ್ದೊಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ನಡೆಯಿತು. ಲೂಸಿ ಆಪ್ಲಿನ್ ಮತ್ತು ಜೊತೆಗಾರರು ಅದನ್ನು 2015ರಲ್ಲಿ ಪ್ರಕಟಿಸಿದರು. ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳು. ಹುಳು ತುಂಬಿದ ಒಂದು ಪೆಟ್ಟಿಗೆ, ಅದಕ್ಕೊಂದು ಜಾರುವ ಬಾಗಿಲು. ಎಡಕ್ಕೆ ತಳ್ಳಿದರೂ ತೆರೆಯುತ್ತದೆ, ಬಲಕ್ಕೆ ತಳ್ಳಿದರೂ ತೆರೆಯುತ್ತದೆ. ಕಾಡಿನ ಒಂದು ಭಾಗದಿಂದ ಎರಡು ಹಕ್ಕಿ ಹಿಡಿದು ಎಡಕ್ಕೆ ತಳ್ಳಲು ಕಲಿಸಿ ಬಿಟ್ಟರು. ಇನ್ನೊಂದು ಭಾಗದ ಎರಡಕ್ಕೆ ಬಲಕ್ಕೆ ತಳ್ಳಲು ಕಲಿಸಿದರು. ಹಕ್ಕಿಗಳ ಕಾಲಿಗೆ ಪುಟ್ಟ ಟ್ಯಾಗ್ ಇತ್ತು. ಯಾವ ಹಕ್ಕಿ ಯಾವಾಗ ಬಂತು, ಯಾವ ಕಡೆ ತಳ್ಳಿತು ಎಂದು ಪೆಟ್ಟಿಗೆಯೇ ದಾಖಲಿಸುತ್ತಿತ್ತು. ಸುಮಾರು 20 ದಿನಗಳಲ್ಲಿ ಆಯಾ ಭಾಗದ ಮುಕ್ಕಾಲು ಪಾಲು ಹಕ್ಕಿಗಳು ಕಲಿತವು. ಎಡದವರ ಊರಿನಲ್ಲಿ ಎಡಕ್ಕೆ, ಬಲದವರ ಊರಿನಲ್ಲಿ ಬಲಕ್ಕೆ. ಇನ್ನೊಂದು ದಾರಿಯೂ ಉಂಟೆಂದು ಕಂಡುಕೊಂಡ ಹಕ್ಕಿಗಳು ಕೂಡ ಹೆಚ್ಚಾಗಿ ತಮ್ಮವರ ದಾರಿಗೇ ಅಂಟಿಕೊಂಡವು. ಒಂದು ಭಾಗದಿಂದ ಇನ್ನೊಂದಕ್ಕೆ ಹೋದವುಗಳಲ್ಲಿ ಬಹಳಷ್ಟು ಹೊಸ ಊರಿನ ಪದ್ಧತಿಗೆ ಬದಲಾದವು. ಒಂದೇ ಹುಳು, ಅಷ್ಟೇ ಶ್ರಮ. ಎಡ ಬಲದ ವ್ಯತ್ಯಾಸಕ್ಕೆ ಅಕ್ಕಪಕ್ಕದವರು ಮಾಡಿದ್ದನ್ನು ಬಿಟ್ಟರೆ ಬೇರೆ ಕಾರಣವೇ ಇಲ್ಲ. ನಾನು ಓದಿರುವ ಪ್ರಯೋಗಗಳಲ್ಲಿ ಇಷ್ಟು ಚೊಕ್ಕವಾದದ್ದು ಕಡಿಮೆ.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗಳು ನಾನು ಮಾಡಿದ್ದನ್ನೆಲ್ಲ ಹಾಗೆಯೇ ಮಾಡುತ್ತಾಳೆ. ಡಬ್ಬಿ ತೆರೆಯುವ ಮೊದಲು ನಾನು ಅಭ್ಯಾಸಬಲದಿಂದ ಎರಡು ಸಲ ತಟ್ಟಿದರೆ ಅವಳೂ ತಟ್ಟುತ್ತಾಳೆ. ಯೋಚನೆ ಮಾಡದೆ ಹೀಗೆ ಅನುಕರಿಸುವುದು ದಡ್ಡತನದ ಲಕ್ಷಣವೇ?

ಖಂಡಿತ ಅಲ್ಲಮ್ಮ. ನಿಮ್ಮ ಮಗಳು ಮನುಷ್ಯ ಮಕ್ಕಳಿಗೇ ವಿಶೇಷವಾದ ಒಂದು ಕೆಲಸ ಮಾಡುತ್ತಿದ್ದಾಳೆ.

2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಒಂದು ಪೆಟ್ಟಿಗೆಯನ್ನು ಉಗಾಂಡಾದ ಚಿಂಪಾಂಜಿಗಳಿಗೂ ಕೊಟ್ಟರು, ಮೂರು ನಾಲ್ಕು ವರ್ಷದ ಮಕ್ಕಳಿಗೂ ಕೊಟ್ಟರು. ಮೊದಲು ದೊಡ್ಡವರೊಬ್ಬರು ತೆರೆದು ತೋರಿಸುತ್ತಾರೆ. ಕಡ್ಡಿಯಿಂದ ಪೆಟ್ಟಿಗೆಯ ಮೇಲಿನ ತೂತಿಗೆ ಚುಚ್ಚುತ್ತಾರೆ, ಆಮೇಲೆ ಮುಂದಿನ ತೂತಿನಿಂದ ಬಹುಮಾನ ತೆಗೆಯುತ್ತಾರೆ. ಮೇಲೆ ಚುಚ್ಚುವುದರಿಂದ ಏನೂ ಆಗುವುದಿಲ್ಲ. ಪೆಟ್ಟಿಗೆ ಕಪ್ಪಾಗಿದ್ದು ಒಳಗೇನೂ ಕಾಣದಿದ್ದಾಗ ಚಿಂಪಾಂಜಿಗಳೂ ಮಕ್ಕಳೂ ಎರಡೂ ಕೆಲಸ ಮಾಡಿದರು. ಒಳಗೆಲ್ಲ ಕಾಣುವ ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಚಿಂಪಾಂಜಿಗಳು ಮೇಲೆ ಚುಚ್ಚುವುದನ್ನು ಬಿಟ್ಟು ನೇರವಾಗಿ ತಿಂಡಿಗೆ ಕೈ ಹಾಕಿದವು. ಮಕ್ಕಳು ಮಾತ್ರ ಚುಚ್ಚುತ್ತಲೇ ಇದ್ದರು.

ಇದನ್ನು ಹೇಳಿದಾಗಲೆಲ್ಲ ನನ್ನ ತರಗತಿ ನಗುತ್ತಿತ್ತು. ಚಿಂಪಾಂಜಿಯೇ ಜಾಣ ಅಂತ. ಆಗ ನಾನು 1861ರ ಬರ್ಕ್ ಮತ್ತು ವಿಲ್ಸ್ ಕಥೆ ಹೇಳುತ್ತಿದ್ದೆ. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಹಿಂದಿರುಗಿದ ಈ ಅನ್ವೇಷಕರು ಕೂಪರ್ ಕ್ರೀಕ್ ಎಂಬಲ್ಲಿ ಆಹಾರವಿಲ್ಲದೆ ಸಿಕ್ಕಿಬಿದ್ದರು. ಅಲ್ಲಿನ ಯಾಂದ್ರುವಾಂಧ ಜನ ಅವರಿಗೆ ಮೀನು ಕೊಟ್ಟರು, ನಾರ್ಡೂ ಎಂಬ ಜರೀಗಿಡದ ಕಾಯಿಗಳ ಹಿಟ್ಟನ್ನೂ ಕೊಟ್ಟರು. ಆಮೇಲೆ ಇವರೇ ನಾರ್ಡೂ ಕೂಡಿಸಿ, ಕುಟ್ಟಿ, ತಮಗೆ ತೋಚಿದಂತೆ ಬೇಯಿಸಿ ತಿಂದರು. ಹೊಟ್ಟೆ ತುಂಬುತ್ತಿತ್ತು, ಆದರೆ ಕಾಲಿನ ಶಕ್ತಿ ದಿನೇ ದಿನೇ ಹೋಯಿತು. ನಾರ್ಡೂವಿನಲ್ಲಿ ಬಿ1 ವಿಟಮಿನ್ ಅನ್ನು ನಾಶಮಾಡುವ ಒಂದು ಕಿಣ್ವವಿದೆ. ಸ್ಥಳೀಯರು ಅದನ್ನು ಸಿದ್ಧಪಡಿಸುವ ಕ್ರಮದಲ್ಲಿ ಅದರ ಕಾಟ ತಗ್ಗುತ್ತಿತ್ತು ಎಂದು ಇದನ್ನು ಅಧ್ಯಯನ ಮಾಡಿದವರು ವಿವರಿಸುತ್ತಾರೆ. ಬರ್ಕ್, ವಿಲ್ಸ್ ಇಬ್ಬರೂ ಸತ್ತರು. ಜೊತೆಗಿದ್ದ ಜಾನ್ ಕಿಂಗ್ ಯಾಂದ್ರುವಾಂಧ ಜನರ ನಡುವೆ ಹೋಗಿ ಇದ್ದುಬಿಟ್ಟ. ಅವನೊಬ್ಬ ಬದುಕಿ ಬಂದ.

ವಿಲ್ಸ್ ಓದಿದವನು, ನಕ್ಷತ್ರ ನೋಡಿ ದಿಕ್ಕು ಲೆಕ್ಕ ಹಾಕುವವನು. ಅವನ ಬುದ್ಧಿಗೇನೂ ಕೊರತೆ ಇರಲಿಲ್ಲ. ಆದರೆ ಹಿಟ್ಟಿನಲ್ಲಿರುವ ಕಿಣ್ವ ಕಣ್ಣಿಗೆ ಕಾಣುವುದಿಲ್ಲ, ಅದು ಮಾಡುವ ಕೆಡುಕು ಗೊತ್ತಾಗಲು ವಾರಗಳು ಬೇಕು. ಇಂಥ ಕಡೆ "ಈ ಹಂತ ಯಾಕೆ ಬೇಕು?" ಎಂದು ಒಬ್ಬನೇ ಕೂತು ಯೋಚಿಸಿದರೆ ಉತ್ತರ ಹೊಳೆಯುವುದಿಲ್ಲ. ಬಲ್ಲವರು ಮಾಡಿದ್ದನ್ನು ಒಂದೂ ಬಿಡದೆ ಮಾಡುವವನು ಉಳಿಯುತ್ತಾನೆ. ನಮ್ಮ ಮಕ್ಕಳು ಆ ಸ್ವಭಾವ ಹೊತ್ತುಕೊಂಡೇ ಬರುತ್ತಾರೆ. ಯಾವ ಹಂತ ಬೇಕು, ಯಾವುದು ಬೇಡ ಎಂದು ಆರಿಸುವುದನ್ನು ನಿಧಾನವಾಗಿ ಕಲಿಯುತ್ತಾರೆ. ಮಗಳು ಡಬ್ಬಿ ತಟ್ಟಲಿ ಬಿಡಿ.

ಪ್ರಶ್ನೆ: ನೋಡಿ ಕಲಿಯುವುದು ಸರಿ. ಪ್ರಾಣಿಗಳು ಬೇಕೆಂದೇ ಪಾಠ ಹೇಳಿಕೊಡುತ್ತವೆಯೇ? ನಾನು ಶಾಲಾ ಶಿಕ್ಷಕ, ಅದಕ್ಕೇ ಕುತೂಹಲ.

ಅಪರೂಪ ಸರ್, ಆದರೆ ಉಂಟು. ಆಫ್ರಿಕದ ಕಲಹರಿ ಮರುಭೂಮಿಯ ಮೀರ್‌ಕ್ಯಾಟ್ ಎಂಬ ಮುಂಗುಸಿ ಜಾತಿಯ ಪ್ರಾಣಿಗಳು ಚೇಳು ತಿನ್ನುತ್ತವೆ. ಪುಟ್ಟ ಮರಿಗಳಿಗೆ ದೊಡ್ಡವು ಮೊದಲು ಸತ್ತ ಚೇಳು ತಂದುಕೊಡುತ್ತವೆ. ಮರಿ ಸ್ವಲ್ಪ ಬೆಳೆದ ಮೇಲೆ ಕೊಂಡಿ ಕಿತ್ತ ಚೇಳು. ಆಮೇಲೆ ಕೊಂಡಿ ಸಮೇತ ಜೀವಂತ ಚೇಳು. ಮರಿ ಹಿಡಿಯಲಾಗದೆ ಬಿಟ್ಟರೆ ಚೇಳನ್ನು ಮತ್ತೆ ಅದರ ಮುಂದಕ್ಕೆ ತಳ್ಳುತ್ತವೆ. ಮರಿಯ ವಯಸ್ಸು ಇವಕ್ಕೆ ಹೇಗೆ ಗೊತ್ತು? ಕೂಗಿನಿಂದ. ಇದನ್ನು 2006ರಲ್ಲಿ ವರದಿ ಮಾಡಿದ ಸಂಶೋಧಕರು, ಪುಟ್ಟ ಮರಿಗಳಿದ್ದ ಗುಂಪಿಗೆ ಬೆಳೆದ ಮರಿಗಳ ಕೂಗಿನ ಧ್ವನಿಮುದ್ರಣ ಕೇಳಿಸಿದರು. ದೊಡ್ಡವು ಜೀವಂತ ಚೇಳು ತರುವುದು ಜಾಸ್ತಿಯಾಯಿತು! ಎದುರಿಗಿರುವ ಮರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅವು ಅಳೆಯುವುದಿಲ್ಲ. ಕೂಗಿಗೆ ತಕ್ಕಂತೆ ಚೇಳು, ಅಷ್ಟೇ. ಅದನ್ನು ಅಳೆಯುವುದು ನಿಮ್ಮಂಥವರ ಕೆಲಸ.

ಪ್ರಶ್ನೆ: ಹುಳುಹುಪ್ಪಟೆಗಳಿಗೂ ಇದೆಲ್ಲ ಸಾಧ್ಯವಾ?

ಬಂಬಲ್‌ಬೀ ಎಂಬ ದಪ್ಪ ಜೇನುನೊಣಗಳಿಗೆ ಸಾಧ್ಯ ಎಂದು ಲಂಡನ್ನಿನ ಸಂಶೋಧಕರು 2024ರಲ್ಲಿ ತೋರಿಸಿದರು. ಅವರು ಕೊಟ್ಟ ಪೆಟ್ಟಿಗೆಯಲ್ಲಿ ಮೊದಲು ನೀಲಿ ತಡೆಯನ್ನು ಸರಿಸಬೇಕು, ಆಮೇಲೆ ಕೆಂಪನ್ನು ತಳ್ಳಬೇಕು, ಆಗ ಮಾತ್ರ ಸಕ್ಕರೆ ನೀರು. ಮೊದಲ ಹಂತಕ್ಕೆ ಏನೂ ಸಿಗುವುದಿಲ್ಲ. ದಿನಗಟ್ಟಲೆ ಪೆಟ್ಟಿಗೆ ಮುಂದಿಟ್ಟರೂ ಸ್ವಂತವಾಗಿ ಒಂದೂ ತೆರೆಯಲಿಲ್ಲ. ಕಲಿತ ನೊಣದ ಜೊತೆ ಬಿಟ್ಟಾಗ 15ರಲ್ಲಿ 5 ತೆರೆದವು. ತಾನಾಗಿ ಕಂಡುಕೊಳ್ಳಲಾಗದ್ದನ್ನು ಇನ್ನೊಬ್ಬರಿಂದ ಕಲಿಯುವುದು ಮನುಷ್ಯನಿಗೆ ಮಾತ್ರ ಗೊತ್ತು ಎಂದು ಪಾಠ ಹೇಳುತ್ತಿದ್ದ ಕಾಲ ಮುಗಿಯಿತು.

ಪ್ರಶ್ನೆ: ನಮ್ಮಲ್ಲಿ ಹೊಸ ಹಾಡು, ಹೊಸ ಫ್ಯಾಷನ್ ಬಂದ ಹಾಗೆ ಪ್ರಾಣಿಗಳಲ್ಲೂ ಬರುತ್ತದೆಯೇ?

ಬರುತ್ತದೆ. ಗಂಡು ಹಂಪ್‌ಬ್ಯಾಕ್ ತಿಮಿಂಗಿಲಗಳು ಹಾಡುತ್ತವೆ. ಒಂದು ಸಮುದ್ರಪ್ರದೇಶದ ಗಂಡುಗಳೆಲ್ಲ ಒಂದೇ ಹಾಡು. 1996ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ದಾಖಲಿಸಿದ 82 ಗಾಯಕರಲ್ಲಿ ಎರಡು ಮಾತ್ರ ಬೇರೆಯೇ ಹಾಡು ಹಾಡುತ್ತಿದ್ದವು. ಅದು ಪಶ್ಚಿಮ ಕರಾವಳಿಯ ಹಾಡು. 1998ರ ಹೊತ್ತಿಗೆ ಪೂರ್ವದ ಹಳೆಯ ಹಾಡು ಕೇಳಿಸಲೇ ಇಲ್ಲ. ಎಲ್ಲರ ಬಾಯಲ್ಲೂ ಪಶ್ಚಿಮದ್ದೇ. ಮುಂದಿನ ಅಧ್ಯಯನಗಳಲ್ಲಿ ಇಂಥ ಹಾಡುಗಳು ಪೂರ್ವ ಆಸ್ಟ್ರೇಲಿಯಾದಿಂದ ಫ್ರೆಂಚ್ ಪಾಲಿನೇಷ್ಯಾದವರೆಗೂ ಹಬ್ಬುವುದು ಕಂಡುಬಂತು.

ಉಪಯೋಗವೇ ಇಲ್ಲದ ಫ್ಯಾಷನ್ ಬೇಕೆಂದರೆ ಜಾಂಬಿಯಾದ ಚಿಂಫುನ್ಶಿ ಆಶ್ರಯಧಾಮದ ಜೂಲಿ ಇದೆ. 2010ರಲ್ಲಿ ಈ ಚಿಂಪಾಂಜಿ ಕಿವಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸಿಕೊಂಡು ಓಡಾಡತೊಡಗಿತು. ಅದರ ಗುಂಪಿನ ಹೆಚ್ಚಿನವೂ ಹಾಗೇ ಮಾಡಿದವು. ಜೂಲಿ ಸತ್ತ ಮೇಲೂ ಕೆಲವು ಬಿಡಲಿಲ್ಲ.

ಪ್ರಶ್ನೆ: ಒಂದು ಕಾಡಿನಲ್ಲಿ ಯಾವುದೋ ಪ್ರಾಣಿ ಇಲ್ಲವಾದರೆ ಬೇರೆ ಕಡೆಯಿಂದ ತಂದು ಬಿಡಬಹುದಲ್ಲ? ಮತ್ತೆ ಹೆಚ್ಚಿಸಿಕೊಳ್ಳುತ್ತವೆ. ಇದಕ್ಕೂ ಕಲಿಕೆಗೂ ಏನು ಸಂಬಂಧ?

ಈ ಪ್ರಶ್ನೆಗಾಗಿ ನಿಮಗೆ ಕೈ ಮುಗಿಯಬೇಕು.

ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಎಂಬ ಕಾಡುಕುರಿಗಳಿವೆ. ವಸಂತದಲ್ಲಿ ಹಿಮ ಕರಗುತ್ತಾ ಹೋದಂತೆ ಎಳೆ ಹುಲ್ಲು ಮೊದಲು ತಗ್ಗಿನಲ್ಲಿ, ಆಮೇಲೆ ಎತ್ತರದಲ್ಲಿ ಚಿಗುರುತ್ತದೆ. ಕುರಿಗಳು ಆ ಹಸಿರನ್ನು ಹಿಂಬಾಲಿಸಿ ಬೆಟ್ಟ ಹತ್ತುತ್ತವೆ. ಬೇಟೆ ಮತ್ತು ರೋಗದಿಂದ ಹಲವೆಡೆ ಇವು ನಾಶವಾದಾಗ ಬೇರೆ ಕಡೆಯವನ್ನು ತಂದು ಬಿಟ್ಟರು. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದಾಗ, ಬಹುಕಾಲದಿಂದ ಅಲ್ಲೇ ಇದ್ದ ಹಿಂಡುಗಳಲ್ಲಿ ಹೆಚ್ಚಿನವು ವಲಸೆ ಹೋಗುತ್ತಿದ್ದವು. ಹೊಸದಾಗಿ ಬಿಟ್ಟವುಗಳಲ್ಲಿ ಹತ್ತರಲ್ಲಿ ಒಂದೂ ಹೋಗಲಿಲ್ಲ. ಅದೇ ಜಾತಿ, ಅದೇ ಕಾಲು, ಅದೇ ಹಸಿವು. ದಾರಿ ಮಾತ್ರ ಗೊತ್ತಿಲ್ಲ. ಹಿಂಡೊಂದು ಹೊಸ ನೆಲದಲ್ಲಿ ವಲಸೆಯನ್ನು ಚೆನ್ನಾಗಿ ಕಲಿಯಲು ಸುಮಾರು 40 ವರ್ಷ ಬೇಕು, ಮೂಸ್ ಕಡವೆಗಳಿಗೆ ಸುಮಾರು 90 ವರ್ಷ ಎಂದು 2018ರ ಆ ಅಧ್ಯಯನ ಲೆಕ್ಕ ಹಾಕಿತು. ತಾಯಿಯ ಹಿಂದೆ ಮರಿ, ಆ ಮರಿಯ ಹಿಂದೆ ಅದರ ಮರಿ. ಹೀಗೆ ತಲೆಮಾರುಗಳು ಸೇರಿಸಿಟ್ಟ ದಾರಿ ಅದು. ಹಿಂಡು ಅಳಿದರೆ ಅದೂ ಅಳಿಯುತ್ತದೆ.

ಮುದಿ ಪ್ರಾಣಿಗಳ ಬೆಲೆ ಇಲ್ಲಿ ತಿಳಿಯುತ್ತದೆ. ತಾಂಜಾನಿಯಾದ ತರಂಗೀರೆ ಉದ್ಯಾನದಲ್ಲಿ 1993ರಲ್ಲಿ ಭೀಕರ ಬರ ಬಂತು. ವಯಸ್ಸಾದ ಹೆಣ್ಣಾನೆಗಳು ಮುನ್ನಡೆಸುತ್ತಿದ್ದ ಹಿಂಡುಗಳು ಉದ್ಯಾನ ಬಿಟ್ಟು ಹೊರಗೆ ಹೋದವು. ಅವುಗಳ ಮರಿಗಳು ಹೆಚ್ಚು ಉಳಿದವು. ಅಂಥ ಹಿರಿಯ ಆನೆಗಳನ್ನು ಬೇಟೆಗಾರರಿಗೆ ಕಳೆದುಕೊಂಡಿದ್ದ ಹಿಂಡು ಒಳಗೇ ಉಳಿಯಿತು, ಬಹಳ ಮರಿಗಳನ್ನು ಕಳೆದುಕೊಂಡಿತು. ಹಿಂದಿನ ದೊಡ್ಡ ಬರ ಬಂದದ್ದು 1958ರಿಂದ 1961ರವರೆಗೆ. ಅದನ್ನು ಕಂಡಿದ್ದ ಆನೆ ಹಿಂಡಿನಲ್ಲಿದ್ದರೆ ಎಷ್ಟು ವ್ಯತ್ಯಾಸ ಅನ್ನುವುದು ಸಂಶೋಧಕರ ವಾದ. ಇದನ್ನು ಓದಿದಾಗಿನಿಂದ, ಪ್ರಾಣಿಗಳ ಸಂಖ್ಯೆಯನ್ನಷ್ಟೇ ಹೇಳುವ ಗಣತಿ ವರದಿ ನನಗೆ ಸಾಲದು ಅನಿಸುತ್ತದೆ. ಎಷ್ಟು ಇವೆ ಎಂಬುದರ ಜೊತೆಗೆ ಎಷ್ಟು ವಯಸ್ಸಿನವು ಇವೆ ಎಂದೂ ಬರೆಯಬೇಕು.

ಆಸ್ಟ್ರೇಲಿಯಾದ ರೀಜೆಂಟ್ ಹನಿಈಟರ್ ಹಕ್ಕಿಯದು ಇನ್ನೂ ಸಂಕಟದ ಸ್ಥಿತಿ. ಕಾಡಿನಲ್ಲಿ ಉಳಿದಿರುವುದು ಕೆಲವೇ ನೂರು. ಮರಿ ಗಂಡು ಹಾಡು ಕಲಿಯಲು ಸುತ್ತ ದೊಡ್ಡ ಗಂಡುಗಳೇ ಇಲ್ಲ. 2021ರ ಒಂದು ಅಧ್ಯಯನದಂತೆ ಸುಮಾರು 12 ಶೇಕಡ ಗಂಡುಗಳು ತಮ್ಮ ಜಾತಿಯ ಹಾಡು ಬಿಟ್ಟು ಬೇರೆ ಜಾತಿಯ ಹಕ್ಕಿಗಳ ಹಾಡು ಹಾಡುತ್ತಿದ್ದವು. ಅವಕ್ಕೆ ಸಂಗಾತಿ ಸಿಗುವುದೂ ಕಷ್ಟ. ಈಗ ಪಂಜರದಲ್ಲಿ ಬೆಳೆಸುವ ಮರಿಗಳಿಗೆ ಕಾಡಿನ ಹಕ್ಕಿಗಳ ಹಾಡಿನ ಧ್ವನಿಮುದ್ರಣ ಕೇಳಿಸುತ್ತಾರೆ, ಹಾಡು ಬಲ್ಲ ಗಂಡಿನ ಜೊತೆ ಇಟ್ಟು ಕಲಿಸುತ್ತಾರೆ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿನಿ. ಉಪಕರಣ, ದುಡ್ಡು ಎರಡೂ ಇಲ್ಲದೆ ಈ ವಿಷಯದಲ್ಲಿ ಏನಾದರೂ ಪ್ರಾಜೆಕ್ಟ್ ಮಾಡಬಹುದಾ?

ಧಾರಾಳವಾಗಿ. ಹಕ್ಕಿಗಳು ದಿನವೂ ಬಂದು ತಿನ್ನುವ ಒಂದು ಜಾಗ ಆರಿಸಿಕೊಳ್ಳಿ. ಮೊದಲ ಕೆಲವು ದಿನ ಏನನ್ನೂ ಬದಲಿಸಬೇಡಿ. ಯಾವ ಹಕ್ಕಿ ಯಾರ ಪಕ್ಕ ಕೂರುತ್ತದೆ ಎಂದಷ್ಟೇ ಬರೆದುಕೊಳ್ಳಿ. ಗರಿಯ ಕಲೆ, ಕಾಲಿನ ಕುಂಟು, ಇಂಥ ಗುರುತು ಹಿಡಿದು ಒಂದೊಂದನ್ನೂ ಬೇರೆ ಮಾಡಲು ಕಲಿಯಿರಿ. ಕಷ್ಟದ ಕೆಲಸ ಇದೊಂದೇ. ಆಮೇಲೆ ಕಾಳಿನ ಮೇಲೆ ಹಗುರವಾದ ಕಾಗದದ ಮುಚ್ಚಳ ಇಡಿ. ಮೊದಲು ತೆಗೆದವರು ಯಾರು, ಆಗ ಹತ್ತಿರದಲ್ಲಿ ನೋಡುತ್ತಿದ್ದವರು ಯಾರು, ಎರಡನೆಯದಾಗಿ ತೆಗೆದವರು ಯಾರು? ಹೊತ್ತು ಸಮೇತ ಬರೆಯಿರಿ. ಸಾಧ್ಯವಾದರೆ ದೂರದ ಇನ್ನೊಂದು ಜಾಗದಲ್ಲೂ ಅದೇ ಮುಚ್ಚಳ ಇಟ್ಟು ಹೋಲಿಸಿ. ಎರಡೂ ಕಡೆ ಒಂದೇ ವೇಗದಲ್ಲಿ, ಯಾರು ಯಾರ ಪಕ್ಕ ಇದ್ದರೆಂಬುದಕ್ಕೆ ಸಂಬಂಧವೇ ಇಲ್ಲದೆ ಕಲಿತರೆ, ಅವು ಸ್ವಂತವಾಗಿ ಕಲಿತಿವೆ ಎಂದು ಧೈರ್ಯವಾಗಿ ಬರೆಯಿರಿ. ಅದೂ ಒಳ್ಳೆಯ ಫಲಿತಾಂಶವೇ. ಟಿಪ್ಪಣಿ ಪುಸ್ತಕದ ಒಂದು ಪ್ರತಿ ನನಗೂ ಕಳಿಸಿದರೆ ಓದಿ ಉತ್ತರ ಬರೆಯುತ್ತೇನೆ.