ಹುಬ್ಬಳ್ಳಿಯಲ್ಲಿ ಸೆಸ್ನಾ ಅರ್ಧ ರನ್‌ವೇ ದಾಟಿ ಇಳಿಯುತ್ತಿದ್ದರೆ

ಬಹುಶಃ ವೇಗ ಜಾಸ್ತಿ ಆಗುತ್ತಿದೆ. ವಿಮಾನ ಹಾರಿಸುವ ಆಟದಲ್ಲಿ (ಫ್ಲೈಟ್ ಸಿಮ್ಯುಲೇಟರ್) ದಾವಣಗೆರೆಯಿಂದ ಹೆದ್ದಾರಿ 48 ನೋಡಿಕೊಂಡು ಹುಬ್ಬಳ್ಳಿ ತನಕ ಸರಿಯಾಗಿ ಬರುತ್ತೀರಿ, ಸಣ್ಣ ವಿಮಾನ ಸೆಸ್ನಾ 172 ಮಾತ್ರ ಅರ್ಧ ರನ್‌ವೇ ಮೇಲೆ ತೇಲಿಕೊಂಡೇ ಹೋಗುತ್ತದೆ ಅಂದಿದ್ದೀರಿ. ಹಾಗೆ ತೇಲುವುದು ಹೆಚ್ಚಾಗಿ ವೇಗದಿಂದಲೇ.

ರನ್‌ವೇಗೆ 3 ನಾಟಿಕಲ್ ಮೈಲಿ (ಸುಮಾರು 5.5 ಕಿ.ಮೀ.) ಇರುವಾಗಲೇ ನೇರಕ್ಕೆ ಬನ್ನಿ. ಆಗ ನೆಲದಿಂದ ಸುಮಾರು 1,000 ಅಡಿ ಎತ್ತರ ಸಾಕು. ಹುಬ್ಬಳ್ಳಿ ನಿಲ್ದಾಣವೇ ಸಮುದ್ರ ಮಟ್ಟದಿಂದ 2,000 ಅಡಿಗಿಂತ ಮೇಲಿದೆ, ಹಾಗಾಗಿ ಸಮುದ್ರ ಮಟ್ಟದಿಂದ ಎತ್ತರ ತೋರಿಸುವ ಆಲ್ಟಿಮೀಟರ್ 3,100ರ ಆಸುಪಾಸು ತೋರಿಸಬೇಕು. ರೆಕ್ಕೆಯ ಹಿಂಬದಿಯ ಫ್ಲಾಪ್ ಪೂರ್ತಿ ಇಳಿಸಿ, 65 ನಾಟ್‌ಗೆ (ಗಂಟೆಗೆ ಸುಮಾರು 120 ಕಿ.ಮೀ.) ಟ್ರಿಮ್ ಮಾಡಿ, ಅಂದರೆ ಕೈ ಬಿಟ್ಟರೂ ಅದೇ ವೇಗ ಉಳಿಯುವಂತೆ ಹೊಂದಿಸಿ.

ಇನ್ನು ಕಣ್ಣಿನ ಕೆಲಸ, ಮುಖ್ಯವಾದದ್ದು ಇದೇ. ರನ್‌ವೇ ಶುರುವಾದ ಮೇಲೆ ಕಾಣುವ ಎರಡು ದಪ್ಪ ಬಿಳಿ ಪಟ್ಟಿ ಗುರಿ ಇಟ್ಟುಕೊಳ್ಳಿ. ಅದು ಗಾಜಿನಲ್ಲಿ ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಾ ಬಂದರೆ ಸರಿಯಾಗಿ ಅಲ್ಲಿಗೇ ಹೋಗುತ್ತಿದ್ದೀರಿ. ಕೆಳಕ್ಕೆ ಜಾರಿದರೆ ಅದನ್ನು ದಾಟಿ ಹೋಗುತ್ತೀರಿ, ಥ್ರಾಟಲ್ (ಎಂಜಿನ್ ಶಕ್ತಿ) ಸ್ವಲ್ಪ ಇಳಿಸಿ. ಮೇಲಕ್ಕೆ ಸರಿದರೆ ಏರಿಸಿ. ಸುಮ್ನೆ ಮೂಗು ಕೆಳಗೆ ಒತ್ತಬೇಡಿ, ವೇಗ ಮತ್ತೆ ಏರುತ್ತದೆ. ರನ್‌ವೇ ಪಕ್ಕದಲ್ಲಿ, ಎತ್ತರ ಸರಿಯಿದೆಯೇ ಎಂದು ತೋರಿಸುವ ನಾಲ್ಕು ದೀಪ ಕಂಡರೆ ಎರಡು ಬಿಳಿ, ಎರಡು ಕೆಂಪು ಇರಬೇಕು.

ನೆಲ ಹತ್ತಿರ ಬಂದಾಗ, ಸುಮಾರು 15 ಅಡಿಯಲ್ಲಿ, ಥ್ರಾಟಲ್ ಪೂರ್ತಿ ತೆಗೆದು ನೋಟವನ್ನು ರನ್‌ವೇ ಕೊನೆಗೆ ಹಾಯಿಸಿ. ಮೂಗನ್ನು ನಿಧಾನಕ್ಕೆ ಎತ್ತಿ.

ನೆಲದಿಂದ 300 ಅಡಿಗೆ ಬಂದರೂ 75 ನಾಟ್ ಇದ್ದರೆ ಇಳಿಸಬೇಡಿ, ಪೂರ್ತಿ ಥ್ರಾಟಲ್ ಕೊಟ್ಟು ಮತ್ತೆ ಸುತ್ತಿ ಬನ್ನಿ. 3 ಮೈಲಿ ಜಾಗದಲ್ಲಿ ಆಟ ಸೇವ್ ಮಾಡಿಟ್ಟುಕೊಂಡರೆ ಇಳಿಸುವುದನ್ನಷ್ಟೇ ಮತ್ತೆ ಮತ್ತೆ ಅಭ್ಯಾಸ ಮಾಡಬಹುದು.