ಓದುಗರ ಪ್ರಶ್ನೆ: ಮನೆ ಸಾಲ ಮನ್ನಾ ಆದೀತೇ?

ಪ್ರಶ್ನೆ: ರೈತರ ಸಾಲ 2008ರಲ್ಲೂ 2018ರಲ್ಲೂ ಮನ್ನಾ ಆಯಿತು. ಅಮೆರಿಕದಲ್ಲಿ ಮನೆ ಸಾಲ ಮುಳುಗಿದಾಗ ಸರ್ಕಾರವೇ ದುಡ್ಡು ಸುರಿಯಿತಂತೆ. ಇಲ್ಲೂ ಅಂಥದ್ದು ಬರುತ್ತದೆ, ಕಂತು ನಿಲ್ಲಿಸಿ ಎಂದು ನಮ್ಮ ಬಡಾವಣೆಯಲ್ಲಿ ಕೆಲವರು ಹೇಳುತ್ತಿದ್ದಾರೆ. ನಂಬಬಹುದೇ?
(ಓದುಗರೊಬ್ಬರು, ತಿಪಟೂರು)

ಉತ್ತರ: ಕಂತು ನಿಲ್ಲಿಸಬೇಡಿ. ಅಮೆರಿಕದ ಆ ದುಡ್ಡು ಯಾರ ಕೈಗೆ ಹೋಯಿತೆಂದು ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿನ ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಸಂಸ್ಥೆಗಳು ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಬ್ಯಾಂಕುಗಳು ಕೊಟ್ಟ ಸಾಲವನ್ನು ಕೊಂಡು, ಗಂಟು ಕಟ್ಟಿ, ಹೂಡಿಕೆದಾರರಿಗೆ ಮಾರುತ್ತವೆ. ಸಾಲಗಾರ ಕಟ್ಟದಿದ್ದರೂ ನಾವು ಕಟ್ಟುತ್ತೇವೆ ಎಂಬ ಖಾತರಿಯನ್ನೂ ಕೊಡುತ್ತವೆ. ಮನೆಗಳ ಬೆಲೆ ಕುಸಿದು ಕಂತುಗಳು ನಿಂತಾಗ ಆ ಖಾತರಿಯೇ ಅವುಗಳ ಕೊರಳಿಗೆ ಬಂತು. 2008ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಎರಡನ್ನೂ ವಶಕ್ಕೆ ತೆಗೆದುಕೊಂಡು, ಮುಂದೆ ಸುಮಾರು 19,000 ಕೋಟಿ ಡಾಲರ್ ಹಾಕಿತು. ಬಿಟ್ಟಿಯಾಗಿ ಅಲ್ಲ, ಶೇ 10 ಲಾಭಾಂಶದ ಷೇರು ಬರೆಸಿಕೊಂಡು. 2012ರಲ್ಲಿ ಕರಾರು ಬದಲಿಸಿ, ಬಂದ ಲಾಭವನ್ನೆಲ್ಲ ಬಾಚಿಕೊಂಡು, ಹಾಕಿದ್ದಕ್ಕಿಂತ ಹೆಚ್ಚೇ ಪಡೆಯಿತು.

ಸಾಲಗಾರರಿಗೆಂದು 2009ರಲ್ಲಿ ಬಂದದ್ದು ಬೇರೊಂದು ಯೋಜನೆ. ಕಂತು ಕುಟುಂಬದ ತಿಂಗಳ ಆದಾಯದ ಶೇ 31ಕ್ಕೆ ಇಳಿಯಬೇಕು ಎಂಬುದು ಅದರ ಸೂತ್ರ. ಅದಕ್ಕಾಗಿ ಮೊದಲು ಬಡ್ಡಿಯನ್ನು ಶೇ 2ರವರೆಗೆ ಇಳಿಸುವುದು, ಸಾಲದಿದ್ದರೆ ಅವಧಿಯನ್ನು 40 ವರ್ಷಕ್ಕೆ ಎಳೆಯುವುದು, ಅದೂ ಸಾಲದಿದ್ದರೆ ಅಸಲಿನ ಒಂದು ಭಾಗವನ್ನು ಬಡ್ಡಿಯಿಲ್ಲದೆ ಕೊನೆಗೆ ತಳ್ಳುವುದು. ತಳ್ಳಿದ್ದು ಮನ್ನಾ ಅಲ್ಲ, ಕಡೆಗೆ ಕಟ್ಟಲೇಬೇಕು. 30ರಿಂದ 40 ಲಕ್ಷ ಕುಟುಂಬಗಳ ಗುರಿ ಇತ್ತು. 30 ಲಕ್ಷವನ್ನೂ ಮುಟ್ಟಲಿಲ್ಲ. ಮೂರು ತಿಂಗಳು ಪ್ರಾಯೋಗಿಕ ಕಂತು ಕಟ್ಟಿದವರ ಕಾಗದಪತ್ರಗಳನ್ನು ವಸೂಲಿ ಕಂಪನಿಗಳೇ ಕಳೆದುಹಾಕಿ, ಮತ್ತೆ ಮತ್ತೆ ಕೇಳಿ, ಕೊನೆಗೆ ಅರ್ಜಿ ತಳ್ಳಿಹಾಕಿದ ಪ್ರಕರಣಗಳು ರಾಶಿ ರಾಶಿ.

ಸಂಸ್ಥೆಗಳನ್ನು ಎತ್ತಿ ನಿಲ್ಲಿಸದಿದ್ದರೆ ಹೊಸ ಸಾಲವೇ ಹುಟ್ಟುತ್ತಿರಲಿಲ್ಲ ಎಂಬ ವಾದದಲ್ಲಿ ಹುರುಳಿದೆ. ನಷ್ಟ ಸರ್ಕಾರದ ತಲೆಗೆ, ಲಾಭ ನಮ್ಮ ಜೇಬಿಗೆ ಎಂದು ರುಚಿ ಹತ್ತಿದವರು ಮತ್ತೆ ಅದನ್ನೇ ಮಾಡುತ್ತಾರೆ ಎನ್ನುವವರ ಮಾತೂ ಸುಳ್ಳಲ್ಲ. ನಮ್ಮ ಮಟ್ಟಿಗೆ ಅದೇ ದೇಶದ 1933ರ ಕ್ರಮ ಮೇಲು. ಆಗ ಸರ್ಕಾರಿ ನಿಗಮವೊಂದು ಬಾಕಿ ಬಿದ್ದ ಸುಮಾರು 10 ಲಕ್ಷ ಮನೆ ಸಾಲಗಳನ್ನು ತಾನೇ ವಹಿಸಿಕೊಂಡು, ಸಾಲಗಾರರಿಗೆ ದೀರ್ಘಾವಧಿಯ ಕಂತು ಮಾಡಿಕೊಟ್ಟಿತು. ಹಾಗಿದ್ದೂ ಸುಮಾರು 2 ಲಕ್ಷ ಮನೆಗಳು ಕೈತಪ್ಪಿದವು. 1951ರಲ್ಲಿ ನಿಗಮ ಸಣ್ಣ ಲಾಭದೊಂದಿಗೇ ಲೆಕ್ಕ ಮುಗಿಸಿತು.

ರೈತರ ಸಾಲ ಮನ್ನಾದಲ್ಲಿ ಸರ್ಕಾರ ರೈತನ ಹೆಸರಿನಲ್ಲಿ ಬ್ಯಾಂಕಿಗೆ ಕಟ್ಟುತ್ತದೆ. ಮನೆ ಸಾಲಕ್ಕೆ ಇಲ್ಲಿ ಅಂಥ ಯೋಜನೆ ಇಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷ ಕಂತು ಭಾರವಾದರೆ, ಬಾಕಿ 90 ದಿನ ದಾಟುವ ಮೊದಲೇ ಕಂತು ಮರುಹೊಂದಿಕೆ ಕೋರಿ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ.

ಪ್ರಶ್ನೆ: 2020ರಲ್ಲಿ ಆರು ತಿಂಗಳು ಕಂತು ಬಿಟ್ಟಿದ್ದೆವು. ಈಗ ನೋಡಿದರೆ ಅವಧಿ ವರ್ಷಗಟ್ಟಲೆ ಉದ್ದವಾಗಿದೆ. ಬ್ಯಾಂಕಿನ ಲೆಕ್ಕ ತಪ್ಪಿರಬಹುದೇ?
(ಓದುಗರೊಬ್ಬರು, ಚಿಂತಾಮಣಿ)

ಉತ್ತರ: ತಪ್ಪಿರಲಿಕ್ಕಿಲ್ಲ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕೊಟ್ಟದ್ದು ಕಂತಿಗೆ ಬಿಡುವು. ಬಡ್ಡಿ ಓಡುತ್ತಲೇ ಇತ್ತು. 20 ಲಕ್ಷ ಸಾಲ, ಶೇ 9 ಬಡ್ಡಿ, 240 ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು 17,995 ರೂಪಾಯಿ. ಸಾಲದ ಆರಂಭದಲ್ಲೇ ಆರು ತಿಂಗಳು ಬಿಟ್ಟರೆ ಬಾಕಿ 20,91,704ಕ್ಕೆ ಏರುತ್ತದೆ. ಅದೇ ಕಂತು ಮುಂದುವರಿಸಿದರೆ 240ರ ಬದಲು 275 ಕಂತು ಬೇಕು! ಕಂತನ್ನು ಬರೀ 825 ರೂಪಾಯಿ ಹೆಚ್ಚಿಸಿಕೊಂಡಿದ್ದರೆ 240ರಲ್ಲೇ ಮುಗಿಯುತ್ತಿತ್ತು. 2 ಕೋಟಿಯೊಳಗಿನ ಸಾಲಗಳಿಗೆ ಸರ್ಕಾರ ತುಂಬಿಕೊಟ್ಟದ್ದು ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸ ಮಾತ್ರ. ಈ ಲೆಕ್ಕದಲ್ಲಿ ಅದು 1,704 ರೂಪಾಯಿ. ಬಡ್ಡಿ ಲೆಕ್ಕದ ಪಟ್ಟಿ ತರಿಸಿಕೊಂಡು 2022ರ ಮೇ ನಂತರದ ಸಾಲುಗಳನ್ನೂ ನೋಡಿ. 2023ರ ಫೆಬ್ರವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 4ರಿಂದ 6.5ಕ್ಕೆ ಏರಿತು, ಹೆಚ್ಚಿನ ಬ್ಯಾಂಕುಗಳು ಕಂತು ಮುಟ್ಟದೆ ಅವಧಿ ಎಳೆದವು. ಕಂತು ಹೆಚ್ಚಿಸಿ ಅವಧಿ ಇಳಿಸಿ ಎಂದು ಈಗಲೂ ಕೇಳಬಹುದು. ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ.

ಪ್ರಶ್ನೆ: ನಾಲ್ಕು ಕಂತು ಬಾಕಿ. ಬ್ಯಾಂಕಿನಿಂದ 60 ದಿನದ ನೋಟಿಸ್ ಬಂದಿದೆ. ಒಂದು ಕಂತು ಕಟ್ಟಿದೆವು, ಆದರೂ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎನ್ನುತ್ತಾರೆ. ಜಾಗ ಮೊದಲು ಜಮೀನಾಗಿತ್ತು.
(ಓದುಗರೊಬ್ಬರು, ಮಾಲೂರು)

ಉತ್ತರ: ಒಂದು ಕಂತಿನಿಂದ ಖಾತೆ ಸರಿಹೋಗದು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದಂತೆ ಬಾಕಿಯ ಅಸಲು, ಬಡ್ಡಿ ಪೂರ್ತಿ ಸಂದಾಯವಾದ ಮೇಲಷ್ಟೇ ಎನ್‌ಪಿಎ ಹಣೆಪಟ್ಟಿ ಹೋಗುತ್ತದೆ. ಅಲ್ಪಸ್ವಲ್ಪ ಕಟ್ಟಿ ದುಡ್ಡು ಕರಗಿಸಬೇಡಿ, ಉಳಿದ ಬಾಕಿಯನ್ನೆಲ್ಲ ಒಟ್ಟಿಗೆ ಹೊಂದಿಸಿ.

ನೋಟಿಸ್ ಸರ್ಫೇಸಿ ಕಾಯ್ದೆಯದು, ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಂಡು ಮಾರಲು ಬಿಡುವ ಕಾನೂನು. 60 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಿ. 15 ದಿನದಲ್ಲಿ ಬ್ಯಾಂಕ್ ಕಾರಣ ಸಹಿತ ಉತ್ತರಿಸಬೇಕು. ಸ್ವಾಧೀನದ ಕ್ರಮಕ್ಕೆ ಇಳಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಹರಾಜಿನ ದಿನದವರೆಗೂ ಸಮಯವಿದೆ ಎಂದುಕೊಂಡವರೇ ಹೆಚ್ಚು ಕೆಡುವುದು: 2016ರ ತಿದ್ದುಪಡಿಯ ನಂತರ, ಹರಾಜು ಪ್ರಕಟಣೆ ಹೊರಬೀಳುವ ಮೊದಲೇ ಪೂರ್ತಿ ಬಾಕಿ ಕಟ್ಟಿದರೆ ಮಾತ್ರ ಮನೆ ಬಿಡಿಸಿಕೊಳ್ಳುವ ಹಕ್ಕು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸದು ನಿಜ, ಆದರೆ ಪಹಣಿಯಲ್ಲಿ ಹಾಗೆ ಬರೆದಿದ್ದರೆ ಸಾಲದು, ಅಲ್ಲಿ ನಿಜವಾಗಿ ಬೆಳೆ ತೆಗೆಯುತ್ತಿರಬೇಕು. ಭೂಪರಿವರ್ತನೆಯಾಗಿ ಮನೆ ಎದ್ದ ಜಾಗದಲ್ಲಿ ಈ ವಾದಕ್ಕೆ ವಕೀಲರ ಫೀಸು ವ್ಯರ್ಥ.

ಪ್ರಶ್ನೆ: ಬಿಲ್ಡರ್ ಅರ್ಧಕ್ಕೆ ಕೈಬಿಟ್ಟ ಫ್ಲ್ಯಾಟಿಗೆ ಕೇಂದ್ರದ 25,000 ಕೋಟಿ ನಿಧಿಯಿಂದ ನಮ್ಮ ಸಾಲ ತೀರುತ್ತದೆಯೇ?
(ಓದುಗರೊಬ್ಬರು, ಗೌರಿಬಿದನೂರು)

ಉತ್ತರ: ಇಲ್ಲ. 2019ರ ನವೆಂಬರ್‌ನಲ್ಲಿ ಘೋಷಿಸಿದ ಆ ನಿಧಿ ಹೋಗುವುದು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿತ, ನಿಂತುಹೋದ ಯೋಜನೆಗಳ ಕಟ್ಟಡ ಮುಗಿಸಲು. ನಿಮ್ಮ ಕಂತು ನಿಮ್ಮದೇ. ತಡವಾದದ್ದಕ್ಕೆ ಬಡ್ಡಿ ಅಥವಾ ಹಣ ವಾಪಸು ಕೇಳಿ ರೇರಾಗೆ ದೂರು ಕೊಡಿ.