ಹಳೇ ಬೈಕ್ ರಿಪೇರಿ: ಖರ್ಚಿನ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನ್ನ ಬಳಿ 250 ಸಿಸಿಯ ಹಳೇ ಟೂ-ಸ್ಟ್ರೋಕ್ ಬೈಕ್ ಇದೆ. ಹದಿನೈದು ವರ್ಷ ಮೂಲೆಯಲ್ಲೇ ನಿಂತಿತ್ತು, ಎಂಜಿನ್ ಜಾಮ್ ಆಗಿದೆ. ಮೆಕ್ಯಾನಿಕ್ ಹೊರಗಿನಿಂದಲೇ ನೋಡಿ ಎಂಜಿನ್ ಕೆಲಸಕ್ಕೆ ಒಂದು ಮೊತ್ತ ಹೇಳಿದ್ದಾರೆ. ಅದನ್ನು ನಂಬಿ ಹೊರಡಬಹುದೇ?

ಹೊರಡಬೇಡಿ. ಎಂಜಿನ್ ಬಿಚ್ಚದೆ ಹೇಳಿದ್ದು ಅಂದಾಜು ಮಾತ್ರ. ಮೊದಲ ಹಂತದಲ್ಲಿ ಬಿಚ್ಚಿ, ತೊಳೆದು, ಅಳೆದು ಕೊಡುವುದಕ್ಕಷ್ಟೇ ಕೂಲಿ ಮಾತಾಡಿಕೊಳ್ಳಿ. ರಿಪೇರಿಯ ಲೆಕ್ಕ ಅಳತೆ ಕೈಗೆ ಬಂದ ಮೇಲೆ.

ಜಾಮ್ ಬಿಡಿಸಲು ಕಿಕ್ ಮೇಲೆ ನಿಂತು ಒತ್ತುವುದು ಬೇಡ. ಕಿಕ್ ಶಾಫ್ಟಿನ ಹಲ್ಲು ಸವೆದು ಖರ್ಚು ಇನ್ನೊಂದು ಕಡೆ ಏಳುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು, ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಸಮಪಾಲು ಬೆರೆಸಿ ಮೂವತ್ತು–ನಲವತ್ತು ಮಿ.ಲೀ. ಸುರಿಯಿರಿ. ಮೂರು–ನಾಲ್ಕು ದಿನ ನೆನೆಯಲಿ. ಆಮೇಲೆ ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟುಕೊಂಡರೂ ಸ್ಟಾರ್ಟ್ ಮಾಡಬೇಡಿ, ಸಿಲಿಂಡರ್ ಎತ್ತಿ ನೋಡಲೇಬೇಕು.

ಸಿಲಿಂಡರ್ ಎತ್ತಿದಾಗ ಮೊದಲು ಪಿಸ್ಟನ್ ತಲೆ ಒರೆಸಿ ನೋಡಿ. ಹಿಂದೆ ಬೋರ್ ಮಾಡಿಸಿದ್ದರೆ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ಅಗಲ ಮಾಡಿಸಿದ್ದರೆ, 0.25, 0.50 ಎಂದು ಓವರ್‌ಸೈಜ್ ಅಂಕಿ (ಮೂಲ ವ್ಯಾಸಕ್ಕಿಂತ ಎಷ್ಟು ಮಿ.ಮೀ. ದೊಡ್ಡದು ಎಂದು) ಕೆತ್ತಿರುತ್ತದೆ. ಆ ಮಾದರಿಗೆ ಸಿಗುವ ಕೊನೆಯ ಸೈಜು ಅದೇ ಆಗಿದ್ದರೆ ಹೊಸ ಸ್ಲೀವ್ (ಸಿಲಿಂಡರಿನ ಒಳಗೆ ಕೂರಿಸುವ ಕೊಳವೆ) ಹಾಕಿಸಬೇಕು. ಟೂ-ಸ್ಟ್ರೋಕಿನಲ್ಲಿ ಸ್ಲೀವ್ ಎಂದರೆ ಪೋರ್ಟುಗಳನ್ನೂ (ಮಿಶ್ರಣ ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳನ್ನೂ) ಸರಿಯಾದ ಎತ್ತರಕ್ಕೆ ಕೊರೆಯಬೇಕು, ಹಾಗಾಗಿ ಬರೀ ಬೋರಿಂಗ್ ಕೂಲಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ, ಒಟ್ಟು ಆರು ಸಲ ಅಳೆಸಿ. ವರ್ಷಗಟ್ಟಲೆ ಪಿಸ್ಟನ್ ರಿಂಗ್ ನಿಂತ ಜಾಗದಲ್ಲಿ ತುಕ್ಕು ಗುಳಿ ತೋಡಿರುತ್ತದೆ. ಗುಳಿ 0.15 ಮಿ.ಮೀ. ಆಳ ಇದೆ ಎನ್ನಿ. ವ್ಯಾಸದಲ್ಲಿ ಅದು 0.30 ಆಯಿತು. 0.25 ಓವರ್‌ಸೈಜಿಗೆ ಗುಳಿ ಹೋಗುವುದಿಲ್ಲ, 0.50ಕ್ಕೇ ಹೋಗಬೇಕು. ಪಿಸ್ಟನ್ ಕೈಗೆ ಬಂದ ಮೇಲೆ, ಅದರ ಅಳತೆ ನೋಡಿಯೇ ಬೋರ್ ಮಾಡಿಸಬೇಕು. ಮೊದಲೇ ಬೋರ್ ಮಾಡಿಸಿ ಪಿಸ್ಟನ್ ಹುಡುಕಲು ಹೊರಟವರಿಗೆ ಸಿಲಿಂಡರೇ ದಂಡ.

ಇನ್ನು ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಶಾಫ್ಟು. ಬಜೆಟ್ ಹೆಚ್ಚಾಗಿ ಮುರಿಯುವುದು ಇಲ್ಲೇ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲೆ ಕೆಳಗೆ ಎಳೆಯಿರಿ. ಅಕ್ಕಪಕ್ಕಕ್ಕೆ ಸ್ವಲ್ಪ ಸರಿದರೆ ಭಯವಿಲ್ಲ, ಮೇಲೆ ಕೆಳಗೆ ‘ಟಕ್’ ಎಂದರೆ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಆಗ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ರಾಡ್ ಕಿಟ್ ಕೂರಿಸಿ, ಡಯಲ್ ಗೇಜ್ (ಮುಳ್ಳಿನ ಅಳತೆ ಸಾಧನ) ಇಟ್ಟು, ತಿರುಗಿಸುವಾಗಿನ ಓಲಾಟ 0.05 ಮಿ.ಮೀ. ಒಳಗೆ ತರಬೇಕು. ಎಲ್ಲ ಲೇತ್ ಅಂಗಡಿಯವರೂ ಮಾಡುವ ಕೆಲಸವಲ್ಲ ಇದು.

ಮೇನ್ ಬೇರಿಂಗ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲುಗಳನ್ನು ನೋಡುವುದೇ ಬೇಡ, ಹೊಸದು ಹಾಕಬೇಕೆಂದೇ ಬರೆದುಕೊಳ್ಳಿ. ಮ್ಯಾಗ್ನೆಟ್ ಕಡೆಯ ಸೀಲ್ ಗಾಳಿ ಎಳೆದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಹೊಸ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಸೋತರೆ ಕೇಸಿನ ಆಯಿಲ್ ಒಳಗೆ ಎಳೆದುಕೊಂಡು ಹೊಗೆ ನಿಲ್ಲುವುದೇ ಇಲ್ಲ. ಸೀಲಿನಲ್ಲಿ ಉಳಿಸಿದ ಹಣಕ್ಕೆ ಎಂಜಿನ್ನನ್ನು ಎರಡನೇ ಸಲ ಬಿಚ್ಚುವ ಕೂಲಿ ತೆರಬೇಕಾಗುತ್ತದೆ.

ಪ್ರಶ್ನೆ: ಒಂದೇ ಸೈಲೆನ್ಸರಿನ ಕ್ರೋಮ್ ಕೆಲಸಕ್ಕೆ ಇಬ್ಬರು ಹೇಳಿದ ದರದಲ್ಲಿ ದುಪ್ಪಟ್ಟು ವ್ಯತ್ಯಾಸ. ಯಾಕೆ?

ಬಹುಶಃ ಇಬ್ಬರೂ ಒಂದೇ ಕೆಲಸಕ್ಕೆ ದರ ಹೇಳಿಲ್ಲ. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನಿಗಿಂತ ತೆಳು. ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್, ಗುಳಿ ಮುಚ್ಚುವುದು ಅದಕ್ಕೂ ಕೆಳಗಿನ ತಾಮ್ರ ಮತ್ತು ಬಫಿಂಗ್ (ಉಜ್ಜಿ ನುಣುಪು ಮಾಡುವುದು). ಖರ್ಚೆಲ್ಲ ಆ ಬಫಿಂಗಿನಲ್ಲಿದೆ. ಹಳೇ ಕ್ರೋಮ್ ತೆಗೆಯುವುದು, ಒಳಗಿನ ಮಸಿ ಮತ್ತು ಆಯಿಲ್ ಸುಡುವುದು, ಆಸಿಡ್ ತೊಳೆತದಲ್ಲಿ ಬಯಲಾಗುವ ಸೂಜಿತೂತುಗಳಿಗೆ ವೆಲ್ಡಿಂಗ್, ತಾಮ್ರ ಹಾಕಿ ಮತ್ತೆ ಬಫಿಂಗ್: ಇವೆಲ್ಲ ದರದಲ್ಲಿ ಸೇರಿವೆಯೇ ಎಂದು ಇಬ್ಬರನ್ನೂ ಕೇಳಿ, ಬರೆಸಿಕೊಳ್ಳಿ. ಬಫ್ ಮಾಡಿದಷ್ಟೂ ತಗಡು ತೆಳುವಾಗುತ್ತದೆ. ಬೆರಳಿಂದ ಒತ್ತಿದರೆ ಬಗ್ಗುವ ಸೈಲೆನ್ಸರಿಗೆ ಈ ಹಣ ಹಾಕಬೇಡಿ, ಬೇರೆಯದನ್ನೇ ಹುಡುಕಿ.

ಪ್ರಶ್ನೆ: ಎಷ್ಟು ಭಾಗಗಳು ಕಾಣೆಯಾಗಿವೆ ಎಂಬುದೇ ಗೊತ್ತಿಲ್ಲ. ಪಟ್ಟಿ ಹೇಗೆ ಮಾಡುವುದು? ಕೈಯಲ್ಲಿ ಎಷ್ಟು ಹೆಚ್ಚುವರಿ ಹಣ ಇರಬೇಕು?

ಪಟ್ಟಿಗೂ ಮೊದಲು ಫ್ರೇಮ್ ಮತ್ತು ಎಂಜಿನ್ ನಂಬರುಗಳು ದಾಖಲೆಗೆ ತಾಳೆಯಾಗುತ್ತವೆಯೇ ನೋಡಿ. ಆಗದಿದ್ದರೆ ಅದು ಇತ್ಯರ್ಥ ಆಗುವವರೆಗೆ ಒಂದು ನಟ್ಟೂ ಕೊಳ್ಳಬೇಡಿ.

ಆ ಮಾದರಿಯ ಪಾರ್ಟ್ಸ್ ಪುಸ್ತಕ ಸಂಪಾದಿಸಿ. ಅದರಲ್ಲಿನ ಚಿತ್ರಗಳನ್ನು ಒಂದೊಂದಾಗಿ ಹಿಡಿದು ‘ಚೆನ್ನಾಗಿದೆ’, ‘ರಿಪೇರಿ’, ‘ಇಲ್ಲ’ ಎಂದು ಗುರುತು ಮಾಡಿ. ದರ ವಿಚಾರಿಸುವುದನ್ನು ‘ಇಲ್ಲ’ದಿಂದ ಶುರು ಮಾಡಿ. ಸವೆದ ಬುಷ್ಷನ್ನು ಲೇತಿನಲ್ಲಿ ಮಾಡಿಸಬಹುದು. ಹೆಡ್‌ಲೈಟಿನ ರಿಂಗು, ಟೂಲ್ ಬಾಕ್ಸಿನ ಮುಚ್ಚಳ, ಏರ್ ಫಿಲ್ಟರಿನ ಡಬ್ಬಿ ಇಲ್ಲದಿದ್ದರೆ ಹುಡುಕಾಟವೇ ವರ್ಷ ಹಿಡಿಯಬಹುದು. ‘ಇಲ್ಲ’ ಪಟ್ಟಿ ಉದ್ದವಾಗಿದ್ದರೆ ಅದೇ ಮಾದರಿಯ ಇನ್ನೊಂದು ಕೆಟ್ಟ ಗಾಡಿ ಕೊಳ್ಳುವುದು ಎಷ್ಟೋ ಸಲ ಅಗ್ಗ.

ಜನ ಬರೆಯಲು ಮರೆಯುವುದು ಸಣ್ಣ ಸಾಮಾನು: ಪ್ಯಾಕಿಂಗುಗಳು, ಕೇಬಲ್ಲುಗಳು, ರಬ್ಬರುಗಳು, ಚಕ್ರದ ಬೇರಿಂಗುಗಳು, ಸ್ಟಿಯರಿಂಗ್ ಬಾಲ್‌ಗಳು, ಟೈರು-ಟ್ಯೂಬು, ಕಡ್ಡಿಗಳು, ನಟ್ಟು-ಬೋಲ್ಟು. ಒಂದೊಂದೂ ಚಿಲ್ಲರೆ, ಒಟ್ಟು ಸೇರಿದಾಗ ಪೇಂಟಿನ ಖರ್ಚನ್ನೂ ಮೀರಬಲ್ಲದು. ಹೆಚ್ಚುವರಿ ಹಣದ ಬಗ್ಗೆ ನಮ್ಮ ಸಲಹೆ: ಬಿಚ್ಚುವ ಮೊದಲಿನ ಅಂದಾಜಿಗೆ ಮೂರನೇ ಒಂದು ಪಾಲು ಸೇರಿಸಿ, ಎಲ್ಲ ಬಿಚ್ಚಿ ಅಳೆದ ಮೇಲಿನ ಲೆಕ್ಕಕ್ಕೆ ಶೇಕಡಾ 15 ಸಾಕು.

ಪ್ರಶ್ನೆ: 6 ವೋಲ್ಟಿನ ಲೈಟು ಮಂಕಾಗಿದೆ. 12 ವೋಲ್ಟಿಗೆ ಬದಲಾಯಿಸಿದರೆ ಅಗ್ಗವೇ?

ಆತುರ ಬೇಡ. 24 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 4 ಎಳೆಯುತ್ತದೆ. ಹಾಗಾಗಿ ತುಕ್ಕು ಹಿಡಿದ ಒಂದು ಜಾಯಿಂಟೂ ಬೆಳಕನ್ನು ತಿನ್ನುತ್ತದೆ. ಹೊಸ ವೈರಿಂಗ್ ಹಾಕಿಸಿ, ಅರ್ಥ್ ಕೂರುವ ಜಾಗದ ಪೇಂಟು ಕೆರೆಸಿ, ಸ್ವಿಚ್ಚಿನ ಪಾಯಿಂಟುಗಳನ್ನು ಉಜ್ಜಿಸಿ ನೋಡಿ. 12ಕ್ಕೆ ಹೋದರೆ ಬ್ಯಾಟರಿ, ಬಲ್ಬುಗಳು, ಹಾರ್ನ್, ರೆಗ್ಯುಲೇಟರ್, ಬ್ಯಾಟರಿಯಿಂದ ಕೆಲಸ ಮಾಡುವ ಇಗ್ನಿಷನ್ ಕಾಯಿಲ್, ಎಲ್ಲವೂ ಬದಲಾಗಬೇಕು.

ಪ್ರಶ್ನೆ: ಪೇಂಟ್ ಮೊದಲು ಮಾಡಿಸಿದರೆ ತಪ್ಪೇ?

ತಪ್ಪು. ಬರೀ ಲೋಹದ ಮೇಲೆಯೇ ಇಡೀ ಗಾಡಿಯನ್ನು ಒಮ್ಮೆ ಜೋಡಿಸಿ ನೋಡಿ. ಮಡ್‌ಗಾರ್ಡಿನ ತೂತು ಕೂಡುತ್ತಿಲ್ಲ, ಸ್ಟ್ಯಾಂಡ್ ತಾಗುತ್ತದೆ, ಬ್ರ್ಯಾಕೆಟ್ಟಿಗೆ ವೆಲ್ಡಿಂಗ್ ಬೇಕು ಎಂಬುದೆಲ್ಲ ಆಗಲೇ ಗೊತ್ತಾಗುವುದು. ಪೌಡರ್ ಕೋಟಿಂಗ್ (ಪುಡಿ ಬಣ್ಣದ ಲೇಪ) ಆದರೆ ಬೇರಿಂಗ್ ಕೂರುವ ಜಾಗ, ಥ್ರೆಡ್ಡು, ಅರ್ಥ್ ಪಾಯಿಂಟ್ ಮುಚ್ಚಿಯೇ ಕೊಡಿ. ಅದು 180–200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುವ ಕೆಲಸ. ಬೆಸುಗೆ ಸೀಸ ಅಥವಾ ಪುಟ್ಟಿ ತುಂಬಿದ ಟ್ಯಾಂಕಿಗೆ ಆಗುವುದಿಲ್ಲ, ಅದಕ್ಕೆ ಸ್ಪ್ರೇ ಪೇಂಟೇ ಸರಿ.